ನಯಾಜ್ ಸಾಹೇಬರ ಬಲಗಿವಿ

ನಯಾಜ್ ಅಹಮದ್ ಸಾಹೇಬರು ಯಾರೊಡನೆ ಮಾತಿಗೆ ನಿಂತರೂ ಎಡಭುಜವನ್ನು ಹಿಂದಕ್ಕೆಳೆದು ಬಲಗಿವಿಯನ್ನು ಮುಂದಕ್ಕೆ ಚಾಚುತ್ತಾರೆ. ಅರಿಯದವರಿಗೆ ಅದು ಠೀವಿಯಂತೆ ಕಾಣುತ್ತದೆ. ತುಮಕೂರಿನ ಶಿರಾ ಗೇಟಿನಲ್ಲಿ ಅವರದು ಹಾಸಿಗೆ ಅಂಗಡಿ. ಬೇಸಿಗೆಯಲ್ಲೂ ಬಿಚ್ಚದ ಬೂದು ಕೋಟಿನ ತೋಳಿಗೆ ಹತ್ತಿಯ ಎಳೆ ಅಂಟಿಕೊಂಡೇ ಇರುತ್ತದೆ. ಹರೆಯದಲ್ಲಿ ನಾಟಕ, ಮಠದ ಭಜನೆ, ಉರುಸಿನ ಕವ್ವಾಲಿ ಎಂದು ಊರೂರು ಅಲೆದ ಈ ಸಂಗೀತಲೋಲುಪರಿಗೆ ಎಡಗಿವಿ ಪೂರ್ತಿ ಹೋಗಿ, ಬಲಗಿವಿಗೆ ಯಂತ್ರ ಬಂದ ಮೇಲೆ, ವಾದ್ಯಗಳೆಲ್ಲ ಕಲಸಿಹೋಗಿ ತಗಡು ಬಡಿದಂತೆ ಕೇಳತೊಡಗಿದವು. "ಸಾಕು ಬಿಡಿ, ನಮ್ ಪಾಲಿಂದು ಕೇಳಾಯ್ತು" ಎಂದು ಹಾಡಿನ ಸಹವಾಸವನ್ನೇ ಬಿಟ್ಟರು.

ಹೋದ ವರ್ಷ ಒಂದು ಮಧ್ಯಾಹ್ನ ಪಕ್ಕದ ಜೆರಾಕ್ಸ್ ಅಂಗಡಿಯ ದೀಪಿಕಾ ತನ್ನ ಫೋನನ್ನು ಅವರ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. "ಅಂಕಲ್, ಕುಣಿಗಲ್ ಹುಡುಗಿ, ತೇಜಸ್ವಿನಿ ಅಂತ. ಅವಳೇ ಬರ್ದು, ಮನೇಲಿ ಕೂತು ಅವಳೇ ಹಾಡಿ ರೆಕಾರ್ಡ್ ಮಾಡಿರೋ ಹೊಸ ಆಲ್ಬಮ್ಮು. ಒಂದೇ ಒಂದ್ ಕೇಳಿ."

ಬೇಡವೆನ್ನಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಒಂದು ಗಿಟಾರು, ಒಂದು ಕಂಠ, ಬೇರೇನೂ ಇಲ್ಲ. ತಂತಿಯ ಮೇಲೆ ಬೆರಳು ಜಾರುವ ಸದ್ದು, ಸಾಲು ಎತ್ತಿಕೊಳ್ಳುವ ಮುನ್ನ ಎಳೆದುಕೊಂಡ ಉಸಿರು, ಆ ಮನೆಯ ಅಡುಗೆಕೋಣೆಯಲ್ಲಿ ಕೂಗಿದ ಕುಕ್ಕರ್, ಎಲ್ಲವೂ ಬಿಡಿಬಿಡಿಯಾಗಿ ಕೇಳಿಸಿದವು. ಗಿರಾಕಿಯೊಬ್ಬರು ದಿಂಬಿನ ಬೆಲೆ ಕೇಳಿದರೆ, "ತಾಳಿ ಸ್ವಾಮಿ, ಹಾಡ್ ಮುಗೀಲಿ" ಎಂದರು.

ಆಕೆ ಗುಬ್ಬಿಗೆ ಹಾಡಲು ಬರುತ್ತಾಳೆಂದು ತಿಳಿದಾಗ ಕೋಟು ಕೊಡವಿಕೊಂಡು ದೀಪಿಕಾಳೊಡನೆ ಬಸ್ಸು ಹತ್ತಿದರು. ಸಭಾಂಗಣದಲ್ಲಿ ಆಳೆತ್ತರದ ಸ್ಪೀಕರುಗಳು. ಮೊದಲ ಹಾಡಿಗೇ ಮತ್ತೆ ಅದೇ ತಗಡಿನ ಸದ್ದು. ಯಂತ್ರವನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಹೋಗೋಣ್ವಾ ಅಂಕಲ್?" ಎಂದಳು ದೀಪಿಕಾ.

ಯಾರಲ್ಲೂ ಏನನ್ನೂ ಬೇಡದ ಮನುಷ್ಯ, ಹಾಡು ಮುಗಿದ ಕೂಡಲೇ ಯಂತ್ರವನ್ನು ಮತ್ತೆ ಕಿವಿಗೇರಿಸಿ, ಎದ್ದು ವೇದಿಕೆಯ ಅಂಚಿಗೆ ನಡೆದರು. "ನನ್ಗೆ ಕಿವಿ ಮಂದ ಕಣಮ್ಮ. ಮೈಕ್ ಇಲ್ದೆ ಒಂದ್ ಹಾಡ್ ಹಾಡ್ತೀಯಾ?"

ಯಾರೋ ನಕ್ಕರು. ತೇಜಸ್ವಿನಿ ಮೈಕು ಆರಿಸಿ, ಗಿಟಾರ್ ಹಿಡಿದು ಕೆಳಗಿಳಿದು, ಅವರ ಬಲಕ್ಕೆ ಕುರ್ಚಿ ಎಳೆದುಕೊಂಡಳು. ಆ ತೆಳುದನಿ ಕೇಳಬೇಕಾದರೆ ಸಭೆಯೇ ಉಸಿರು ಬಿಗಿಹಿಡಿಯಬೇಕಾಯಿತು. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಬಂದು ನೆಲದ ಮೇಲೆ ಕೂತರು. ಸಾಹೇಬರು ತಲೆದೂಗಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹೇಳಿದ್ದಿಷ್ಟು: "ಪೂರ್ತಿ ಕೇಳ್ತು ತಾಯಿ."

ಹಾಡುವವರನ್ನು ಲೋಕ ಕೊಂಡಾಡುತ್ತದೆ, ಕೇಳುವವರ ಗುರುತು ಯಾರಿಗೂ ಇರುವುದಿಲ್ಲ. ಆದರೂ ಪ್ರತಿ ಊರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ತಮಗೆ ಕೇಳಿಸುತ್ತಿಲ್ಲವೆಂದು ತುಂಬಿದ ಸಭೆಯಲ್ಲಿ ನಾಚದೆ ಹೇಳಿ, ಕಿವಿಯಿದ್ದವರಿಗೂ ಕೇಳುವುದನ್ನು ಕಲಿಸಿ, ಮರುದಿನ ತಮ್ಮ ಕೆಲಸಕ್ಕೆ ಮರಳುವವರು.