ಎದುರು ಪಕ್ಷದ ಮಾತು

"ಒಬ್ಬ ತಾಯಿ ಇದ್ದಾಳೆ," ಎಂದು ರೋರಿ ಚೀಟಿ ಓದತೊಡಗಿದಾಗ ಗ್ಲೆಂಡಾಳ ಕೈಯಲ್ಲಿದ್ದ ಪೆನ್ನು ನಿಂತೇಹೋಯಿತು. "ಅವಳ ಮಗ ಕುಡಿದು ವ್ಯಾನ್ ಓಡಿಸಿ, ರಸ್ತೆ ದಾಟುತ್ತಿದ್ದ ಒಬ್ಬರನ್ನು ಕೊಂದ. ನಾಲ್ಕು ವರ್ಷ ಜೈಲಿನಲ್ಲಿದ್ದು ಈಗ ಹೊರಗೆ ಬರುತ್ತಿದ್ದಾನೆ. ತಾಯಿಯ ಮನೆಗೇ ಬರುತ್ತೇನೆ ಅನ್ನುತ್ತಾನೆ. ಅವನು ಬಂದರೆ ನಾನೂ ನನ್ನ ಮಕ್ಕಳೂ ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ಮಗಳು ಹೇಳಿದ್ದಾಳೆ. ತಾಯಿ ಏನು ಮಾಡಬೇಕು?"

ಚೀಟಿ ಅವಳದೇ. ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದಿದ್ದಳು. ಹೋದ ಮಂಗಳವಾರ, ತತ್ವಶಾಸ್ತ್ರದ ಪಾಠ ಹೇಳುವ ರೋರಿ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿಸಿ, "ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಬರೆದು ಇದರೊಳಗೆ ಹಾಕಿ, ಮುಂದಿನ ವಾರ ಒಂದನ್ನು ಎತ್ತೋಣ" ಎಂದಿದ್ದ. ಹನ್ನೊಂದು ಜನರ ಹನ್ನೊಂದು ಚೀಟಿ. ತನ್ನದೇ ಬರಬೇಕೆಂದೇನೂ ಇಲ್ಲವಲ್ಲ ಎಂಬುದು ಅವಳ ಧೈರ್ಯ. ಮೈಮೇಲಿನ ಗಾಯವನ್ನೇ ಉದಾಹರಣೆ ಮಾಡಿ ಮೇಜಿನ ಮೇಲಿಡುವುದು ತತ್ವಶಾಸ್ತ್ರ ಕಲಿಯಲು ಹೊರಟವರು ಮಾತ್ರ ಮಾಡುವ ತಪ್ಪು. ಬೇರೆಯವರಾಗಿದ್ದರೆ ಪಾದ್ರಿಯ ಹತ್ತಿರವೋ ವೈದ್ಯರ ಹತ್ತಿರವೋ ಹೋಗಿರುತ್ತಿದ್ದರು.

ಗ್ಲೆಂಡಾ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ನಿವೃತ್ತಿಯಾದ ಮೇಲೆ ಲೈಬ್ರರಿಯ ಬಾಗಿಲಲ್ಲಿ 'ಹೇಗೆ ಬದುಕಬೇಕು? ದೊಡ್ಡವರಿಗಾಗಿ ಹತ್ತು ವಾರದ ಪಾಠ' ಎಂಬ ಕಾಗದ ಕಂಡು, ಸದ್ಯ ಯಾರಾದರೂ ಹೇಳಿಕೊಡುತ್ತಾರಲ್ಲ ಎಂದು ಹೆಸರು ಕೊಟ್ಟಳು. ಏಳು ವಾರವಾದರೂ ಯಾರೂ ಹೇಳಿಕೊಟ್ಟಿರಲಿಲ್ಲ. ತಲೆಯೊಳಗೆ ಇದ್ದ ಪ್ರಶ್ನೆಗಳ ಜೊತೆಗೆ ಇನ್ನಷ್ಟು ಪ್ರಶ್ನೆಗಳು ಬಂದು ಕೂತವು, ಅಷ್ಟೆ. ಆದರೂ ಒಂದು ಮಂಗಳವಾರವೂ ತಪ್ಪಿಸಿರಲಿಲ್ಲ. ಅಲ್ಲಿ ಯಾರೂ ಅವಳನ್ನು 'ಆ ಡ್ಯಾರೆನ್‌ನ ತಾಯಿ' ಎಂದು ನೋಡುತ್ತಿರಲಿಲ್ಲ. ಅವಳ ಊರು ಬೆಟ್ಟದ ಆಚೆ, ಎರಡು ಬಸ್ಸಿನ ದೂರ.

"ಮೊದಲು ಕೈ ಎತ್ತಿ," ಎಂದ ರೋರಿ. "ಬಾಗಿಲು ತೆರೆಯಬೇಕು ಅನ್ನುವವರು?"

ಆರು ಕೈ ಎದ್ದವು. ಗ್ಲೆಂಡಾ ತನ್ನ ಕೈ ತಾನೇ ಎದ್ದದ್ದನ್ನು ನೋಡಿದಳು. ತೆರೆಯಬಾರದು ಎಂದವರು ಐದು ಜನ. ಪಕ್ಕದಲ್ಲಿ ಕೂತಿದ್ದ ಮ್ಯೂರಿಯಲ್ ಆ ಐವರಲ್ಲಿ ಒಬ್ಬಳು. ಸೂಲಗಿತ್ತಿಯಾಗಿ ಈ ಊರಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ತಂದವಳು, ಎಪ್ಪತ್ತೆಂಟು ವರ್ಷ, ಯಾರ ಮುಲಾಜೂ ಇಲ್ಲದ ಹೆಂಗಸು.

"ಒಂದು ಸಂಶಯ," ಎಂದು ನಾರ್ಮನ್ ಎದ್ದುನಿಂತ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಮುದುಕ. ತಮಾಷೆ ಮಾಡದೆ ಅವನಿಗೆ ಚಹಾ ಕೂಡ ಇಳಿಯುವುದಿಲ್ಲ. "ಈ ಮಗನಿಗೆ ಅಡುಗೆ ಮಾಡೋಕೆ ಬರುತ್ತಾ? ಪಾತ್ರೆ ತೊಳೀತಾನಾ? ಅದರ ಮೇಲೆ ಹೇಳ್ತೀನಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ಚೀಟಿಯನ್ನು ಅತ್ತ ಎಳೆದರು, ಇತ್ತ ಎಳೆದರು. ಹೆತ್ತ ಮಗನಲ್ಲ, ಸಾಕಿದವನು ಅಂತಿಟ್ಟುಕೊಳ್ಳಿ. ಮಗಳಿಗೆ ಮಕ್ಕಳೇ ಇಲ್ಲ ಅಂತಿಟ್ಟುಕೊಳ್ಳಿ. ಸತ್ತವನು ಹೇಗೂ ಆರು ತಿಂಗಳಲ್ಲಿ ಸಾಯುವ ಕಾಯಿಲೆಯವನು ಅಂತಿಟ್ಟುಕೊಳ್ಳಿ, ಆಗ? ಸತ್ತವರಿಗೆ ಕಾಯಿಲೆ ಏನೂ ಇರಲಿಲ್ಲ ಎಂಬುದು ಗ್ಲೆಂಡಾಳಿಗೆ ಗೊತ್ತು. ಅರವತ್ತೊಂದು ವರ್ಷ, ತೋಟದಿಂದ ಈರುಳ್ಳಿ ಕಿತ್ತುಕೊಂಡು ಮನೆಗೆ ಹೋಗುತ್ತಿದ್ದರು. ಎದ್ದುಹೋಗೋಣವೆಂದರೆ ಎದ್ದುಹೋದವಳೇ ಆ ತಾಯಿ ಎಂದು ಗೊತ್ತಾಗಿಬಿಡುತ್ತದೆ.

"ಸರಿ, ಈಗ ನಮ್ಮ ನಿಯಮ," ಎಂದ ರೋರಿ. ಅವನ ಪಾಠದಲ್ಲಿ ಅದು ಮೊದಲ ದಿನದಿಂದ ನಡೆದುಬಂದದ್ದು: ಕೈ ಎತ್ತಿದ ಮೇಲೆ ನಿಮ್ಮ ಪಕ್ಷ ನೀವು ವಾದಿಸುವ ಹಾಗಿಲ್ಲ. ಎದುರು ಪಕ್ಷದ ಮಾತನ್ನು ನೀವು ಆಡಬೇಕು. ಎದುರಿನವರು 'ಹೌದು, ಅದೇ' ಎನ್ನುವವರೆಗೂ ಆಡಬೇಕು. "ತೆರೆಯಬೇಕು ಅಂದವರಲ್ಲಿ ಯಾರು ಶುರು ಮಾಡ್ತೀರಿ? ಗ್ಲೆಂಡಾ, ನೀವು ಇವತ್ತು ಮಾತೇ ಆಡಿಲ್ಲ."

"ನಂಗೆ ಬರಲ್ಲ," ಎಂದಳು.

"ಬಂದಷ್ಟು ಹೇಳಿ. ಬಾಗಿಲು ಯಾಕೆ ತೆರೆಯಬಾರದು?"

"ಅವನು ಕುಡಿಯಲ್ಲ ಅಂತ ಮೂರು ಸಲ ಆಣೆ ಇಟ್ಟಿದ್ದ," ಎಂದು ಶುರುಮಾಡಿದಳು. ದನಿ ಬೇರೆ ಯಾರದೋ ಇದ್ದ ಹಾಗಿತ್ತು. "ಅಂದ್ರೆ, ಇಟ್ಟಿರಬಹುದು. ಅಡುಗೆಮನೆ ಕಪಾಟು ಹುಡುಕಿದ್ರೆ ಏನೂ ಸಿಗ್ತಿರಲಿಲ್ಲ. ಸಿಗ್ತಿದ್ದಿದ್ದು ಕಕ್ಕಸಿನ ನೀರಿನ ತೊಟ್ಟೀಲಿ. ಬಾಟ್ಲಿ ಮೇಲೆ ಬಾಟ್ಲಿ. ಅಲ್ಲಿಗೆ ಕೈ ಹಾಕೋ ಹೊತ್ತಿಗೆ ತಾಯಿಗೆ ನಾಚಿಕೆ ಅನ್ನೋದೇ ಹೋಗಿರುತ್ತೆ. ಅವನು ಕುಡಿದಿಲ್ಲದಾಗ ಬಂಗಾರದಂಥವನು ಕಣ್ರೀ, ಕಾಲು ಒತ್ತುತಾನೆ, ಬೆಕ್ಕಿನ ಜೊತೆ ಮಾತಾಡ್ತಾನೆ. ಅದೇ ದೊಡ್ಡ ಕಷ್ಟ. ಕೆಟ್ಟವನಾಗಿದ್ರೆ ಯಾವತ್ತೋ ಕದ ಹಾಕ್ಬಹುದಿತ್ತು. ಜೈಲಲ್ಲಿದಾನೆ ಅಂತ ಅವಳು ಅತ್ತಳು, ನಿಜ. ಆದ್ರೆ ಮೊದಲ್ನೇ ರಾತ್ರಿ ಅವಳಿಗೆ ಎಂಥಾ ನಿದ್ದೆ ಬಂತು ಗೊತ್ತಾ? ಹತ್ತು ವರ್ಷದಲ್ಲಿ ಬಂದಿರಲಿಲ್ಲ ಅಂಥಾ ನಿದ್ದೆ. ಅದನ್ನ ಯಾರಿಗೆ ಹೇಳ್ತಾಳೆ?"

ರೋರಿ ಇನ್ನೂ ಮೇಷ್ಟರ ಸಂಭ್ರಮದಲ್ಲೇ ಇದ್ದ.

"ಅದ್ಭುತ! ಎದುರು ಪಕ್ಷ ಅಂದ್ರೆ ಹೀಗೆ ನಿಂತುಕೋಬೇಕು. ಮತ್ತೊಂದು ಸಲ ಕೈ ಎತ್ತಿ ನೋಡೋಣ. ತೆರೆಯಬಾರದು ಅನ್ನುವವರು?"

ಒಂದು, ಎರಡು, ಮೂರು... ಹತ್ತು. ಗ್ಲೆಂಡಾಳ ಕೈ ಮೇಜಿನ ಮೇಲೇ ಇತ್ತು.

"ಅಬ್ಬಾ!" ಎಂದ ನಾರ್ಮನ್. "ಸದ್ಯ, ನಾನು ನಿನ್ನ ಹೊಟ್ಟೇಲಿ ಹುಟ್ಟಲಿಲ್ಲ ಕಣಮ್ಮ, ಬಚಾವಾದೆ!"

ಈ ಸಲ ನಗು ಅರ್ಧಕ್ಕೇ ನಿಂತಿತು. ಗ್ಲೆಂಡಾಳ ಮುಖ ನೋಡಿದ ಮ್ಯೂರಿಯಲ್ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, "ರೋರಿ, ಚಹಾ ಆಗಲಿ," ಎಂದಳು. "ಇನ್ನೂ ಹತ್ತು ನಿಮಿಷ ಇದೆಯಲ್ಲ," ಎಂದ ಅವನು. "ಚಹಾ ಆಗಲಿ ಅಂದೆ," ಎಂದಳು.

ಚಹಾದ ಕೆಟಲ್ ಇದ್ದ ಮೂಲೆಯಲ್ಲಿ ಇಬ್ಬರೂ ಗೋಡೆ ನೋಡಿಕೊಂಡು ನಿಂತರು. ಮ್ಯೂರಿಯಲ್ ಕೇಳಬೇಕಾದ್ದೇನೂ ಉಳಿದಿರಲಿಲ್ಲ.

"ನಾನು ಕೈ ಎತ್ತಿದ್ದು ಒಂದು ಚೀಟಿಗೆ ಕಣೇ," ಎಂದಳು. "ನಿನ್ನ ಮಗನಿಗಲ್ಲ."

"ಎರಡೂ ಒಂದೇ ಅಲ್ವಾ?"

ಮ್ಯೂರಿಯಲ್ ಗ್ಲೆಂಡಾಳ ಬಟ್ಟಲಿಗೆ ಎರಡರ ಬದಲು ನಾಲ್ಕು ಚಮಚ ಸಕ್ಕರೆ ಹಾಕಿ ಕಲಕಿದಳು. ಅವರ ಹಿಂದೆ ಬಿಸ್ಕತ್ತಿಗೆಂದು ಬಂದಿದ್ದ ನಾರ್ಮನ್ ಎಷ್ಟು ಕೇಳಿಸಿಕೊಂಡನೋ, ಕಿವಿಯವರೆಗೂ ಕೆಂಪಾಗಿದ್ದ. ಗೂಟದಲ್ಲಿದ್ದ ಗ್ಲೆಂಡಾಳ ಕೋಟು ತಂದು, ತೊಡಿಸಲು ಎರಡೂ ಕೈಯಲ್ಲಿ ಹಿಡಿದು ನಿಂತ. "ನನ್ನ ನಾಲಿಗೆಗೆ ಮೂಳೆ ಇಲ್ಲ," ಎಂದ. ಗ್ಲೆಂಡಾ ಕೋಟಿನೊಳಗೆ ಕೈ ತೂರಿಸಿ, ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದಳು. ರೋರಿ ಮೇಲಿನಿಂದ ಅವಳ ಹೆಸರು ಹಿಡಿದು ಎರಡು ಸಲ ಕರೆದ. ಅವನಿಗೆ ಈಗ ಅರ್ಥವಾಗಿತ್ತು ಅಂತ ಕಾಣುತ್ತದೆ. ಅವನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಸಿಟ್ಟೆಲ್ಲ ಅಷ್ಟು ಚೆನ್ನಾಗಿ ಮಾತಾಡಿದ ತನ್ನ ಬಾಯಿಯ ಮೇಲೆ.

ಬಸ್‌ಸ್ಟಾಪಿನ ಬೆಂಚು ಒದ್ದೆಯಾಗಿತ್ತು. ಕರವಸ್ತ್ರದಿಂದ ಒರೆಸಿ ಕೂತು, ಕೈಚೀಲವನ್ನು ಪಕ್ಕದಲ್ಲಿಟ್ಟುಕೊಂಡಳು. ಅದರೊಳಗೆ ಜೈಲಿನ ಕಡೆಯಿಂದ ಬಂದ ಕಾಗದ. 'ನನ್ನ ಮನೆಯಲ್ಲಿ ಇರಿಸಿಕೊಳ್ಳಲು ಒಪ್ಪಿಗೆ ಇದೆ / ಇಲ್ಲ.' ಒಂದನ್ನು ಹೊಡೆದುಹಾಕಿ ಸಹಿ ಮಾಡಿ ಶುಕ್ರವಾರದೊಳಗೆ ಮುಟ್ಟಿಸಬೇಕು. ಮೂರು ವಾರದಿಂದ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದಳು.

ಫೋನು ಬಡಿದುಕೊಂಡಿತು. ಮಂಗಳವಾರ ಊಟದ ಹೊತ್ತಿಗೆ ಡ್ಯಾರೆನ್‌ಗೆ ಫೋನಿನ ಸರದಿ.

"ಅಮ್ಮ, ಕಾಗದ ಕಳಿಸಿದ್ಯಾ?"

"ಇನ್ನೂ ಇಲ್ಲ."

"ಶುಕ್ರವಾರ ಕಡೇ ದಿನ."

"ಗೊತ್ತು ಕಣೋ." ತುಸು ತಡೆದಳು. "ಡ್ಯಾರೆನ್, ನಾನು ಯಾಕೆ ನಿನ್ನ ಮನೆಗೆ ಸೇರಿಸಬಾರದು, ನೀನೇ ಹೇಳು."

"ಏನು?"

"ನನ್ನ ಪಕ್ಷ ನೀನು ಮಾತಾಡು. 'ಹೌದು, ಅದೇ' ಅಂತ ನಾನು ಅನ್ನೋವರೆಗೂ."

"ಇದೇನಮ್ಮ, ನಿನ್ನ ಕ್ಲಾಸಿನ ಆಟಾನಾ?"

"ಆಟ ಅಲ್ಲ. ಹೇಳು."

ಅವನ ಹಿಂದೆ ಯಾರೋ ಕೂಗಾಡುತ್ತಿದ್ದರು. ಕಬ್ಬಿಣದ ಬಾಗಿಲೊಂದು ಬಡಿದುಕೊಂಡಿತು. "ಗೇಲ್ ಬರಲ್ಲ. ಮಕ್ಕಳನ್ನೂ ಕಳಿಸಲ್ಲ."

"ಅದು ನಿನ್ನ ಅಕ್ಕನ ಮಾತು. ನನ್ನದು ಹೇಳು."

ಹಿಂದಿನ ಡ್ಯಾರೆನ್ ಆಗಿದ್ದರೆ ಫೋನು ಇಟ್ಟೇಬಿಡುತ್ತಿದ್ದ.

"ಅಜ್ಜಿ ತೀರಿಕೊಂಡ ವಾರ ನಾನು ಕುಡಿದು ಬಂದಿದ್ನಲ್ಲ," ಎಂದ. "ನೀನು ರೂಮಿನ ಬಾಗಿಲಿಗೆ ಒಳಗಿಂದ ಕುರ್ಚಿ ಎಳೆದು ಒತ್ತಿಟ್ಟೆ. ನಾನು ಮಲಗಿದೀನಿ ಅಂತ ನೀನು ಅಂದ್ಕೊಂಡಿದ್ದೆ. ಮಲಗಿರಲಿಲ್ಲಮ್ಮ. ಮೆಟ್ಟಿಲ ಮೇಲೆ ಕೂತಿದ್ದೆ, ಕೇಳಿಸ್ತು. ನನ್ನ ಹೆತ್ತವಳೇ ನನಗೆ ಹೆದರ್ತಾಳೆ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ಮಾರನೇ ದಿನ ಕುಡಿದೆ. ಅದಕ್ಕೇ ಸೇರಿಸಬಾರದು."

ಆ ಕುರ್ಚಿಯ ವಿಷಯವನ್ನು ಗ್ಲೆಂಡಾ ಮಗಳಿಗೂ ಹೇಳಿರಲಿಲ್ಲ. ನಿಯಮದ ಪ್ರಕಾರ ಈಗ ಅವಳು ಎರಡು ಪದ ಹೇಳಬೇಕು. ಫೋನಿನಲ್ಲಿ ಕಾಣುವುದಿಲ್ಲವೆಂಬುದನ್ನೂ ಮರೆತು ತಲೆಯಾಡಿಸಿದಳು.

"ಅಮ್ಮ? ಇದೀಯಾ?"

"ಹೌದು," ಎಂದಳು ಕೊನೆಗೆ. "ಅದೇ."

"ಹಂಗಾದ್ರೆ ಈಗ ನೀನು," ಎಂದ ಡ್ಯಾರೆನ್. "ನನ್ನ ಪಕ್ಷ ಮಾತಾಡ್ತೀಯಾ?"

ಬಸ್ಸು ಬಂದು ನಿಂತಿತು. ಡ್ರೈವರ್ ಬಾಗಿಲು ತೆರೆದು, ಹತ್ತುತ್ತೀಯೇನಮ್ಮ ಎನ್ನುವಂತೆ ಅವಳತ್ತ ನೋಡಿದ. ಗ್ಲೆಂಡಾ ಬೇಡವೆಂದು ಕೈಯಾಡಿಸಿ, "ಇರು, ಮಾತಾಡ್ತೀನಿ," ಎಂದಳು ಫೋನಿಗೆ. ಬಸ್ಸು ಹೊರಟ ಮೇಲೆ ಪಕ್ಕದಲ್ಲಿದ್ದ ಕೈಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಬೆಂಚಿನ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗವಾಯಿತು.