ದಿಲ್ಲಿಯ ಫುಟ್‌ಬಾಲಿಗೆ ಹುಲುಗಮ್ಮ ಹೊರಟಿದ್ದು

ಐವತ್ತೊಂದರ ಮಾರ್ಚಿನಲ್ಲಿ ಏಷ್ಯಾದ ದೇಶಗಳೆಲ್ಲ ದಿಲ್ಲಿಯಲ್ಲಿ ಸೇರಿ ಆಡುತ್ತವೆ, ಅದರಲ್ಲಿ ಫುಟ್‌ಬಾಲೂ ಇದೆ ಎಂದು ಪತ್ರಿಕೆಯಲ್ಲಿ ಬಂದ ದಿನವೇ ಉಚ್ಚೆಂಗೆಪ್ಪ ಹೋಗುವುದೆಂದು ತೀರ್ಮಾನಿಸಿಬಿಟ್ಟ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಅವನು ಫಿಟ್ಟರ್. ಮದುವೆಗೆ ಮುಂಚೆ ಬಳ್ಳಾರಿಯಲ್ಲಿ ಬರಿಗಾಲಲ್ಲೇ ಆಡಿ ಹೆಸರು ಮಾಡಿದ್ದವನು. ಕುರುಗೋಡಿನ ಗೆಳೆಯ ಚಂದ್ರಣ್ಣನೂ ಬರುವವನಿದ್ದ. ಅವನಿಗೆ ಉರ್ದು ಬರುತ್ತಿದ್ದುದರಿಂದ ಗುಂತಕಲ್ಲು ದಾಟಿದ ಮೇಲೆ ಮಾತಿನ ಕೆಲಸ ಅವನದೆಂದು ಆಗಿತ್ತು.

ಹೊರಡುವುದು ಹತ್ತಿರ ಬಂದಾಗ ಚಂದ್ರಣ್ಣನ ತಂಗಿಯ ಮದುವೆ ಅದೇ ವಾರಕ್ಕೆ ಗೊತ್ತಾಯಿತು. ಭಾಷೆ ಬಾರದ ಊರಿಗೆ ಒಬ್ಬನೇ ಹೇಗೆ ಹೋಗಲಿ, ಬಿಟ್ಟುಬಿಡುತ್ತೇನೆ ಎಂದು ಉಚ್ಚೆಂಗೆಪ್ಪ ಊಟಕ್ಕೆ ಕೂತಾಗ ಹೇಳಿದ. ರೊಟ್ಟಿ ಬಡಿಸುತ್ತಿದ್ದ ಹೆಂಡತಿ ಹುಲುಗಮ್ಮ ಅಲ್ಲೇ ನಿಂತಳು. ಅವಳ ತಾಯಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಅಲ್ಲಿನವರು ಆಡುವ ಉರ್ದು ಹುಲುಗಮ್ಮನಿಗೆ ಚಿಕ್ಕಂದಿನಿಂದ ಬಾಯಲ್ಲೇ ಇತ್ತು.

"ನಿಮಗ ಆಟ ಗೊತ್ತೈತಿ, ನನಗ ಮಾತು ಗೊತ್ತೈತಿ. ನಾ ಬರ್ತೀನಿ," ಎಂದಳು.

ಗಂಡಸರ ಗದ್ದಲದಲ್ಲಿ ಹೆಣ್ಣುಮಗಳು ಹೇಗೆ ಕೂರುವುದೆಂದು ಅವನು ಅನುಮಾನಿಸಿದ. ಬಜಾರಿನ ಗದ್ದಲದಲ್ಲೇ ಬೆಳೆದವಳು ನಾನು ಎಂದು ಅವಳು ನಕ್ಕಳು. ಅತ್ತೆ ಜಡೆಮ್ಮ ತುಸು ಯೋಚಿಸಿ, ಮೊಮ್ಮಗಳನ್ನು ತಾನು ನೋಡಿಕೊಳ್ಳುವುದಾಗಿ ಹೇಳಿದಳು. ಮರುದಿನವೇ ಅತ್ತೆ ಸೊಸೆ ಕೂಡಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಗಂಟು ಕಟ್ಟಿದರು.

ದಿಲ್ಲಿಯಲ್ಲಿ ಕೊನೆಯ ಆಟ ಇರಾನಿನ ಮೇಲೆ. ಬಾಗಿಲು ಯಾವುದೆಂದು ಕೇಳಿ ಹುಡುಕಿದ್ದೂ ಹುಲುಗಮ್ಮನೇ, ಜನರ ನಡುವೆ ಜಾಗ ಬಿಡಿಸಿದ್ದೂ ಅವಳೇ. ಆಟ ಶುರುವಾದ ಮೇಲೆ ಉಚ್ಚೆಂಗೆಪ್ಪನ ಬಾಯಿ ನಿಲ್ಲಲಿಲ್ಲ. ಚೆಂಡು ಎಡಕ್ಕೆ ಯಾಕೆ ಹೋಯಿತು, ಯಾರು ಹಿಂದೆ ಸರಿಯಬೇಕಿತ್ತು, ಎಲ್ಲವನ್ನೂ ಅವಳಿಗೆ ಹೇಳುತ್ತಿದ್ದ. ಏನನ್ನುತ್ತಾನೆ ನಿಮ್ಮವನು ಎಂದು ಪಕ್ಕದ ಸರ್ದಾರಜಿ ಕೇಳಿದರು. ಅವಳು ಉರ್ದುವಿನಲ್ಲಿ ಹೇಳಿದಳು. ಅರ್ಧ ಆಟ ಮುಗಿಯುವಷ್ಟರಲ್ಲಿ ಸುತ್ತಲಿನವರೆಲ್ಲ ಅವಳ ಕಡೆ ಕಿವಿ ಕೊಟ್ಟಿದ್ದರು. ನಮ್ಮವರು ಗೋಲು ಹೊಡೆದಾಗ ಮಾತ್ರ ವಿವರಣೆ ಬಿಟ್ಟು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ಆ ಒಂದು ಗೋಲಿನಿಂದ ದೇಶ ಗೆದ್ದಿತು.

ಊರಿಗೆ ಬಂದ ಮೇಲೆ ಆಟ ಹೇಗಿತ್ತೆಂದು ಕೇಳಲು ಚಂದ್ರಣ್ಣ ಬಂದ. ಹುಲುಗಮ್ಮ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಉಚ್ಚೆಂಗೆಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದ. ಎಲ್ಲೂ ತಿದ್ದಲಿಲ್ಲ.