ಬಟ್ಟೆ ಒಗೆದವರನ್ನು ಕೇಳುವ ಡಾಕ್ಟರು

ಮಗುವಿನ ಕಾಯಿಲೆಯನ್ನು ತಾಯಿ ಅಳುತ್ತ, ತಂದೆ ಅಳುಕುತ್ತ, ಜೊತೆಗೆ ಬಂದ ಚಿಕ್ಕಪ್ಪ ತಾನೇ ವೈದ್ಯನೆಂಬಂತೆ ವಿವರಿಸಿ ಮುಗಿಸುವವರೆಗೂ ಡಾಕ್ಟರ್ ಅನಸೂಯ ತಲೆದೂಗುತ್ತ ಕೇಳುತ್ತಾರೆ, ಆಮೇಲೆ ಕನ್ನಡಕವನ್ನು ಹಣೆಗೇರಿಸಿ, "ಅದಿರ್ಲಿ, ಹುಟ್ಟಿದಾಗ ಬಟ್ಟೆ ಒಗೆದೋರು ಯಾರು?" ಎನ್ನುತ್ತಾರೆ. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ, ಯಾರೂ ಮಾತಾಡಿಸದಿದ್ದ ಅಜ್ಜಿಯೊಬ್ಬಳು ಆಗ ಮುಂದೆ ಬರಬೇಕಾಗುತ್ತದೆ.

ಇವರು ಮಕ್ಕಳ ಶಸ್ತ್ರವೈದ್ಯೆ. ಹುಟ್ಟುವಾಗಲೇ ಕರುಳು ದೋಷಗೊಂಡು ಬಂದ ಕೂಸುಗಳನ್ನು ಸರಿಮಾಡುವವರು. ಕೆಲಸ ತುಮಕೂರಿನ ಆಸ್ಪತ್ರೆಯಲ್ಲಿ. ಹದಿನೈದು ದಿನಕ್ಕೊಂದು ಗುರುವಾರ ಮಧುಗಿರಿಗೆ ಬಂದು, ನನ್ನ ಸೋದರಳಿಯ ಪ್ರಸನ್ನ ಕುಮಾರನ ಕ್ಲಿನಿಕ್ಕಿನಲ್ಲಿ ಜಾಗ ಸಾಲದೆ, ಪಕ್ಕದ ನಮ್ಮ ಮನೆಯ ನಡುಮನೆಯಲ್ಲೇ ಕೂರುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿ ನಿವೃತ್ತನಾದ ನನ್ನ ಕಿವಿಗೆ ಆ ದಿನ ಬೆಳಗಿನಿಂದ ಸಂಜೆಯವರೆಗೆ ಬೀಳುವುದು ಒಂದೇ ಶಬ್ದ: ಕಕ್ಕ. ಎಷ್ಟು ಸಲ, ಯಾವ ಬಣ್ಣ, ಗಟ್ಟಿಯೋ ನೀರೋ! ಮಲವಿಸರ್ಜನೆ ಎನ್ನಬಹುದಲ್ಲ ಎಂದು ನಾನೊಮ್ಮೆ ಸೂಚಿಸಿದ್ದಕ್ಕೆ, ಅನ್ನಬಹುದು ಮೇಷ್ಟ್ರೇ, ಆದರೆ ಹಾಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂದು ನಕ್ಕರು.

ಸಂಕೋಚವೆಂಬುದು ಅವರ ಜಾಯಮಾನದಲ್ಲೇ ಇಲ್ಲ. ಬಲಸಮುದ್ರದ ಬಳಿ ಕುರಿ ಕಾಯುವವರ ಮನೆಯ ಮಗಳು; ತಂದೆ ಓಬಳಪ್ಪ ಬೆಳಗೆದ್ದು ರೊಪ್ಪಕ್ಕೆ ಹೋದರೆ ಮೊದಲು ನೋಡುತ್ತಿದ್ದುದು ಕುರಿಯನ್ನಲ್ಲ, ನೆಲದ ಮೇಲಿನ ಹಿಕ್ಕೆಯನ್ನಂತೆ. ಮಗಳ ನಡಿಗೆಯೂ ಮಂದೆಯ ಹಿಂದೆ ಹೊರಟವರದೇ: ದೊಡ್ಡ ದೊಡ್ಡ ಹೆಜ್ಜೆ, ಎರಡೂ ಮಗ್ಗುಲಿಗೆ ಕಣ್ಣು. ಬಿಳಿ ಕೋಟಿನ ತೋಳು ಚಳಿಗಾಲದಲ್ಲೂ ಮೊಣಕೈವರೆಗೆ ಮಡಿಸಿಯೇ ಇರುತ್ತದೆ. ಪಾವಗಡದ ಕಡೆಯವರು ಬಂದರೆ ತೆಲುಗಿಗೆ ಹೊರಳಿ, ಶಿರಾದವರೊಡನೆ ನಾಲ್ಕು ಉರ್ದು ಮಾತು ಬೆರೆಸಿ, ಕೇಳುವುದು ಮಾತ್ರ ಅದೇ ಪ್ರಶ್ನೆ. ಕೊರಟಗೆರೆಯ ಒಂದು ಮದುವೆಯಲ್ಲಂತೂ, ಹೋಳಿಗೆಗೆ ತುಪ್ಪ ಬಡಿಸಲು ಬಂದವಳನ್ನು ಪಂಕ್ತಿಯಲ್ಲೇ ನಿಲ್ಲಿಸಿಕೊಂಡು, ಅವಳ ಮೊಮ್ಮಗನ ಕಕ್ಕದ ವಿಚಾರವನ್ನು ಆದ್ಯಂತ ವಿಚಾರಿಸಿದರು. ನಾನು ಹೋಳಿಗೆಯನ್ನು ಹಾಗೇ ಬಿಟ್ಟೆದ್ದೆ. ಅವರು ಇನ್ನೊಂದು ಹಾಕಿಸಿಕೊಂಡರು.

ಕಳೆದ ವರ್ಷ ಗೌಡಗೆರೆಯಿಂದ ರಕ್ಷಾ ಎಂಬ ಮೂರು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ವಾರಕ್ಕೊಮ್ಮೆ ಹೊರಕ್ಕೆ ಹೋದರೆ ಹೆಚ್ಚು, ಅದೂ ಎನಿಮಾ ಕೊಟ್ಟರೆ. ಹರಳೆಣ್ಣೆ, ಜಂತುಹುಳದ ಔಷಧಿ, ಮೂವರು ಡಾಕ್ಟರು, ಎಲ್ಲ ಆಗಿ ತಾಯಿ ಲಕ್ಷ್ಮೀದೇವಿ ಸೋತುಹೋಗಿದ್ದಳು. ಕರುಳಿನ ತುದಿಯಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುವ ಮಕ್ಕಳು ಅಪರೂಪಕ್ಕೆ ಉಂಟಂತೆ. ಕರುಳಿನ ಆ ತುಂಡು ಮಲವನ್ನು ಮುಂದೆ ತಳ್ಳದು, ಅದನ್ನು ಕತ್ತರಿಸಿ ತೆಗೆದು, ಒಳ್ಳೆಯ ಕರುಳನ್ನು ಕೆಳಗೆಳೆದು ಹೊಲಿಯಬೇಕು. ಉಳಿದ ಕೂಸುಗಳು ಹುಟ್ಟಿದ ದಿನವೇ ಮಾಡುವ ಕರಿ ಕಕ್ಕವನ್ನು ಅಂಥವು ಮೊದಲೆರಡು ದಿನ ಮಾಡುವುದೇ ಕಡಿಮೆ. ಆದರೆ ರಕ್ಷಾಳ ಹೆರಿಗೆಯ ಚೀಟಿಯಲ್ಲಿ 'ಮೊದಲ ದಿನವೇ ಆಗಿದೆ' ಎಂದು ಬರೆದಿತ್ತು. ಅದನ್ನೋದಿದವರೆಲ್ಲ ಬರಿಯ ಮಲಬದ್ಧತೆ ಎಂದು ಕೈತೊಳೆದುಕೊಂಡಿದ್ದರು.

ಬಟ್ಟೆ ಒಗೆದವಳು ಲಕ್ಷ್ಮೀದೇವಿಯ ತಾಯಿ ದೊಡ್ಡಕ್ಕ. ಆಕೆಯೂ ಮೊದಲ ದಿನವೇ ಅಂದಳು. ಅನಸೂಯ ಅವರು ಮಗುವಿನ ತೂಕ ನೋಡಿಸಿಕೊಂಡು ಬಾ ಎಂದು ಲಕ್ಷ್ಮೀದೇವಿಯನ್ನು ಕ್ಲಿನಿಕ್ಕಿಗೆ ಕಳಿಸಿ, ದೊಡ್ಡಕ್ಕನ ಪಕ್ಕ ಚಾಪೆಯ ಮೇಲೆ ಕೂತರು. ಆ ಕರಿ ಕಕ್ಕ ಗೋಂದಿನಂತೆ ಜಿಗುಟು, ಒಗೆದವರು ಮರೆಯುವ ಹಾಗಿಲ್ಲ; ಯಾವ ನಲ್ಲಿಯಲ್ಲಿ ಒಗೆದೆ, ಎಷ್ಟು ಹೊತ್ತು ಉಜ್ಜಿದೆ ಎಂದು ಮೆಲ್ಲಗೆ ಕೇಳಿದರು. ಮುದುಕಿ ಸೆರಗಿನಂಚು ತಿರುವತೊಡಗಿದಳು.

"ಸುಳ್ ಹೇಳ್ಬುಟ್ಟೆ ಕಣಮ್ಮ. ಮೂರನೇ ದಿನದ ಗಂಟ ಬಟ್ಟೆ ಕರೆನೇ ಆಗ್ಲಿಲ್ಲ. ಮಗು ಕಕ್ಕ ಮಾಡ್ದೆ ಮನೆಗೆ ಕಳ್ಸಲ್ಲ ಅಂದ್ಲು ನರ್ಸಮ್ಮ. ಮಾರನೇ ದಿನ ಅಮಾಸೆ. ಬಾಣಂತೀನ ಅಮಾಸೆ ದಿನ ಹೆಂಗೆ ಮನೆ ತುಂಬಿಸ್ಕಳಾದು? ಅದ್ಕೇ ಆಗೈತೆ ಅಂದ್ಬುಟ್ಟೆ."

ಮೂರು ವರ್ಷ ಮಗಳಿಂದ ಮುಚ್ಚಿಟ್ಟ ಮಾತು. ತಿಳಿದರೆ ಅವಳು ಮೊಮ್ಮಗಳನ್ನು ಮತ್ತೆ ತನ್ನ ಕೈಗೆ ಕೊಡಳೆಂಬ ಭಯ. ಹೇಳಬೇಡಿ ಎಂದು ಕೈಮುಗಿದಳು. ನಾನಾಗಿದ್ದರೆ ಹೇಳುವುದಿಲ್ಲವೆಂದು ಆಣೆಯನ್ನೇ ಇಟ್ಟುಬಿಡುತ್ತಿದ್ದೆ.

"ನಾನಾಗಿ ಹೇಳಲ್ಲ," ಎಂದರು ಅನಸೂಯ. "ಆದ್ರೆ ಫೈಲಲ್ಲಿ ಬರೀಲೇಬೇಕು ಕಣಮ್ಮ. ಮುಂದೆ ನೋಡೋರು ಇನ್ನೊಂದ್ಸಲ ಮೋಸ ಹೋಗಬಾರ್ದು."

ಇದೆಂಥ ನಿಷ್ಕರುಣೆ ಎನಿಸಿತು ನನಗೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರೊಡನೆ ಮಾತು ಬಿಟ್ಟೆ. ಅವರಿಗದು ಗೊತ್ತೂ ಆಗಲಿಲ್ಲ.

ಕರುಳಿನ ಚೂರು ತೆಗೆದು ಪರೀಕ್ಷಿಸಿದಾಗ ಅನುಮಾನ ನಿಜವಾಯಿತು. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಯೂ ಸುಸೂತ್ರವಾಗಿ ನಡೆಯಿತು. ಎರಡು ತಿಂಗಳ ಮೇಲೆ ತೋರಿಸಲು ಬಂದಾಗ ರಕ್ಷಾಳ ಹೊಟ್ಟೆ ಇಳಿದು ಕೆನ್ನೆ ತುಂಬಿತ್ತು. ಡಾಕ್ಟರು ಒಳಗೆ ಕೈತೊಳೆಯುತ್ತಿದ್ದಾಗ ಲಕ್ಷ್ಮೀದೇವಿ ಫೈಲನ್ನು ನನ್ನ ಕೈಗಿತ್ತು, ಮೊದಲ ಪುಟದ ಇಂಗ್ಲಿಷನ್ನು ಓದಿ ಹೇಳಿ ಎಂದಳು. ದೊಡ್ಡಕ್ಕನ ಮುಖ ನೋಡಲಾರದೆ ಓದಿದೆ. ಮೊದಲ ಮಲ ಮೂರನೆಯ ದಿನ ಎಂದಿತ್ತು. ಹಳೆಯ ಚೀಟಿಯ ಬರಹ ಸರಿಯಲ್ಲ ಎಂದಿತ್ತು; ಯಾರ ತಪ್ಪೆಂದು ಇರಲಿಲ್ಲ. ಅದರ ಕೆಳಗೆ, ವಿವರ ಕೊಟ್ಟವರು: ಅಜ್ಜಿ. ಮಾತು ನಂಬತಕ್ಕದ್ದು. ರೋಗ ತಿಳಿದದ್ದು ಇವರಿಂದ.

ಲಕ್ಷ್ಮೀದೇವಿ ದಡ್ಡಿಯಲ್ಲ. ತಲೆ ತಗ್ಗಿಸಿ ಕೂತಿದ್ದ ತಾಯಿಯನ್ನು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ರಕ್ಷಾ ಲಂಗ ಎತ್ತಿಕೊಂಡು, ಕಕ್ಕ ಬತ್ತೈತೆ ಎಂದು ಮನೆಗೆಲ್ಲ ಸಾರಿದಳು.

"ನೀನೇ ಕರ್ಕೊಂಡೋಗವ್ವ," ಎಂದಳು ಲಕ್ಷ್ಮೀದೇವಿ.

ಮುದುಕಿ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಓಡಿದ ರಭಸ ನೋಡಿ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ನಿಜವನ್ನು ಹೊರಗೆಳೆಯಬಲ್ಲವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ: ವಕೀಲರು, ಪೊಲೀಸರು, ಬೆತ್ತ ಹಿಡಿದ ಮೇಷ್ಟ್ರುಗಳು. ಹೊರಗೆಳೆದ ಮೇಲೆ, ಅದನ್ನು ಹೇಳಿದವರು ಮತ್ತೆ ತಮ್ಮ ಮನೆಯಲ್ಲಿ ತಲೆಯೆತ್ತಿ ಓಡಾಡುವಂತೆ ನೋಡಿಕೊಳ್ಳುವವರು ಎಲ್ಲೋ ಒಬ್ಬಿಬ್ಬರು. ಅವರು ಸುಳ್ಳನ್ನು ಉಳಿಯಗೊಡುವುದೂ ಇಲ್ಲ, ಸುಳ್ಳಾಡಿದವರನ್ನು ಕೈಬಿಡುವುದೂ ಇಲ್ಲ.